ತೋಡಿಗೆ ಕಟ್ಟ ಹಾಕಬೇಕೇ? ಮೊದಲು ಕೆಳಗಿನ ಮನೆಗೆ ಹೋಗಿ

"ಟೀಚರೇ, ನಮ್ಮ ತೋಡಿಗೂ ಒಂದು ಕಟ್ಟ ಹಾಕಬೇಕು ಅಂತಿದ್ದೇವೆ. ಪ್ಲಾಸ್ಟಿಕ್ ಶೀಟು ಎಷ್ಟು ಉದ್ದದ್ದು ತರಬೇಕು?" ಮಳೆ ಬಿಟ್ಟ ಮೇಲೆ ನನಗೆ ಇಂಥ ಫೋನು ಬರುತ್ತಲೇ ಇರುತ್ತದೆ. ತೋಡು ಅಂದರೆ ನಮ್ಮಲ್ಲಿ ಸಣ್ಣ ಹಳ್ಳ, ಕಟ್ಟ ಅಂದರೆ ಅದಕ್ಕೆ ಅಡ್ಡ ಹಾಕುವ ಒಡ್ಡು. ಶೀಟಿನ ಉದ್ದ ಹೇಳುವುದು ಸುಲಭ. ನಾನು ತಿರುಗಿ ಕೇಳುವುದು ಇಷ್ಟೇ: ತೋಡಿನ ಕೆಳಗಿನ ಮನೆಯವರ ಹತ್ತಿರ ಮಾತಾಡಿದ್ದೀರಾ? ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ.

ನಮ್ಮದು ಕಾಸರಗೋಡಿನ ಗಡಿಭಾಗ, ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತಿನ ಒಂದು ಬೈಲು, ಅಂದರೆ ಗುಡ್ಡೆಗಳ ನಡುವಿನ ತಗ್ಗಿನಲ್ಲಿ ತೋಟ, ಮನೆಗಳಿರುವ ಜಾಗ. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು ನಾನು. ಸ್ವಲ್ಪ ಅಡಿಕೆ ತೋಟ ಇದೆ. ಬೈಲಿನ ಕಟ್ಟದ ಲೆಕ್ಕಪುಸ್ತಕ ನನ್ನ ಹತ್ತಿರ ಇದೆ. ಕಲ್ಲು ಇಡುವ ಕೈ ನನ್ನದಲ್ಲ. ಅದನ್ನು ಬಲ್ಲವರು ಪ್ರತಿ ಊರಿನಲ್ಲೂ ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ಜನರನ್ನು ಕೂಡಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಕಲ್ಲು ಮಣ್ಣಿಗಿಂತ ಮನುಷ್ಯರ ಸುದ್ದಿ ಜಾಸ್ತಿ.

ದೂರದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಮಳೆಗೇನೂ ಬರ ಇಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಸುರಿಯುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಗುಡ್ಡೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಹೋಗಿಬಿಡುತ್ತದೆ. ಮಾರ್ಚಿಗೆ ಬಾವಿಯ ತಳ ಕಾಣುತ್ತದೆ. ಮಳೆ ನಿಂತ ಮೇಲೆ ತೋಡಿನಲ್ಲಿ ಉಳಿದ ಸಣ್ಣ ಹರಿವಿಗೆ ಅಡ್ಡವಾಗಿ ಪ್ರತಿವರ್ಷ ಹಾಕಿ, ಮತ್ತೆ ಮಳೆಗಾಲ ಬರುವ ಮೊದಲು ಬಿಚ್ಚುವ ಒಡ್ಡಿಗೆ ಕಟ್ಟ ಎನ್ನುತ್ತೇವೆ. ಬದಿಯಡ್ಕ ಹತ್ತಿರದ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ಪದ್ಧತಿ ತಲೆಮಾರುಗಳಿಂದ ಇದೆ. ನಮ್ಮ ಪಂಚಾಯತಿನವರೇ ಆದ, ವಾಣೀನಗರದ ಪತ್ರಕರ್ತ ಶ್ರೀ ಪಡ್ರೆ ಅವರು ಅದರ ಬಗ್ಗೆ ವರ್ಷಗಟ್ಟಲೆ ಬರೆದದ್ದರಿಂದ ಹೊರಗಿನವರಿಗೂ ಗೊತ್ತಾಯಿತು.

"ಪ್ರತಿವರ್ಷ ಯಾಕೆ? ಕಾಂಕ್ರೀಟಿನದ್ದು ಒಮ್ಮೆ ಕಟ್ಟಿದರೆ ಮುಗೀತಲ್ಲ?" ಅಂತ ಎಳೆಯರು ಕೇಳುತ್ತಾರೆ. ಕಾಂಕ್ರೀಟಿನವು ಬೇಕಾದಷ್ಟಿವೆ. ಅವಕ್ಕೂ ಮಳೆ ಹೋದ ಮೇಲೆ ಹಲಗೆ ಇಳಿಸಬೇಕು, ಮಳೆಗೆ ಮೊದಲು ತೆಗೆಯಬೇಕು. ಹಲಗೆ ಎಲ್ಲಿದೆ, ಇಳಿಸುವವರು ಯಾರು ಅಂತ ಗೊತ್ತಿಲ್ಲದೆ ಒಣಗಿ ನಿಂತದ್ದನ್ನು ನಮ್ಮ ಕಡೆ ಯಾರು ಬೇಕಾದರೂ ತೋರಿಸುತ್ತಾರೆ. ಗುತ್ತಿಗೆದಾರ ಕಟ್ಟಿ ಹೋದದ್ದಕ್ಕೆ ಊರಿನಲ್ಲಿ ವಾರಸುದಾರರಿಲ್ಲ.

ಯಾರ ಮನೆಗೆ ಮೊದಲು

ಎಲ್ಲರನ್ನೂ ಒಟ್ಟಿಗೆ ಮೀಟಿಂಗಿಗೆ ಕರೆಯಬೇಡಿ. ಮೀಟಿಂಗಿನಲ್ಲಿ ಒಬ್ಬರು "ನಮಗೆ ನೀರು ಬಾರದ ಹಾಗೆ ಮಾಡ್ತೀರಾ?" ಅಂದರೆ ಸಾಕು, ಆ ವರ್ಷದ ಕಟ್ಟ ಅಲ್ಲಿಗೇ ಮುಗಿಯಿತು. ಮೊದಲು ಮನೆ ಮನೆಗೆ ಹೋಗಬೇಕು, ಅದಕ್ಕೂ ಒಂದು ಕ್ರಮ ಇದೆ.

ಮೊದಲನೆಯದು ಕಟ್ಟದಿಂದ ಕೆಳಗಿನ ಮನೆ. ಹೆದರಿಕೆ ಇರುವುದು ಅವರಿಗೆ. ಕಟ್ಟ ತುಂಬುವ ತನಕ ಕೆಲವು ದಿನ ಅವರ ಕಡೆ ತೋಡು ಸಣ್ಣದಾಗುವುದು ನಿಜ. ಅದನ್ನು ಮುಚ್ಚಿಡಬೇಡಿ. ತುಂಬಿದ ಮೇಲೆ ಮೇಲಿಂದ ಬಂದಷ್ಟೂ ನೀರು ಕಟ್ಟ ಹಾರಿ ಕೆಳಗೆ ಹೋಗಲೇಬೇಕು. ಹೇಗಿದ್ದರೂ ಕಟ್ಟ ಸ್ವಲ್ಪ ಸೋರುತ್ತದೆ, ಸೋರಬೇಕು ಕೂಡ. ಇದನ್ನು ಅವರ ಜಗಲಿಯಲ್ಲಿ ಕೂತು ಹೇಳಿ. ಬೆಲ್ಲ ನೀರು ಕೊಟ್ಟರೆ ಕುಡಿಯಿರಿ, ಅವರ ಕೊಕ್ಕೋ ಗಿಡಕ್ಕೆ ಅಳಿಲು ಬಂದ ಕಥೆ ಕೇಳಿ. ಮೊದಲ ಸಲ ಪುಸ್ತಕ, ಪೆನ್ನು ಒಯ್ಯಬೇಡಿ. ಸಾಧ್ಯವಾದರೆ "ನಿಮ್ಮ ಕೆಳಗೂ ಒಂದು ಹಾಕುವ, ನಾವೂ ಬರುತ್ತೇವೆ" ಅನ್ನಿ. ಸುಮ್ನೆ ಉಪಚಾರಕ್ಕೆ ಹೇಳುವ ಮಾತಲ್ಲ ಇದು. ಕಟ್ಟಗಳು ಸಾಲಾಗಿದ್ದರೇ ಲಾಭ. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡಕ್ಕೆ ಮುಟ್ಟುವ ಹಾಗಿದ್ದರೆ ಇಡೀ ಬೈಲಿನಲ್ಲಿ ನೀರು ನಿಂತ ಹಾಗಾಯಿತು.

ಎರಡನೆಯದು ಕಟ್ಟದ ಎರಡೂ ಕರೆಯವರು, ಅಂದರೆ ಎರಡೂ ದಡದವರು. ಕಟ್ಟದ ತುದಿ ಕೂರುವುದು ಅವರ ಜಾಗದ ಅಂಚಿಗೆ. ನೀರು ಏರಿದಾಗ ಅವರ ಅಡಿಕೆ ಬುಡ ಒದ್ದೆಯಾಗಬಹುದು. ಎಷ್ಟು ಎತ್ತರದವರೆಗೆ ನೀರು ನಿಲ್ಲಬಹುದು ಅಂತ ಅವರೇ ಒಂದು ಕಲ್ಲಿಗೆ ಗುರುತು ಹಾಕಲಿ. ಆ ಗುರುತು ದಾಟಬಾರದು.

ಆಮೇಲೆ ಊರಿನ ಹಿರಿಯರು. ಹಳೆಯ ಕಟ್ಟದ ಜಾಗ ಅವರಿಗೆ ಗೊತ್ತಿರುತ್ತದೆ. ಅಡಿಯಲ್ಲಿ ಗಟ್ಟಿ ಪಾದೆ (ಬಂಡೆ), ಎರಡೂ ಕಡೆ ಬಿಗಿಯಾದ ಕರೆ ಇರುವ ಜಾಗ ಅದು. ಅದೇ ಜಾಗಕ್ಕೆ ಹಾಕಿದರೆ ಅರ್ಧ ಕೆಲಸ ಉಳಿಯುತ್ತದೆ. ತೋಡು ಸಾರ್ವಜನಿಕ ಜಾಗ, ಹಾಗಾಗಿ ವಾರ್ಡಿನ ಮೆಂಬರಿಗೂ ಕೃಷಿ ಇಲಾಖೆಯ ಕಚೇರಿಯಾದ ಕೃಷಿಭವನಕ್ಕೂ ತಿಳಿಸಿ.

ಪರಸ್ಪರ ಮಾತಾಡದ ಎರಡು ಮನೆ ಪ್ರತಿ ಬೈಲಿನಲ್ಲೂ ಇದ್ದೇ ಇರುತ್ತದೆ, ಅಲ್ವಾ? ಬೇಲಿಯದ್ದೋ, ದಾರಿಯದ್ದೋ, ಮದುವೆಗೆ ಹೇಳಿಕೆ ಬಾರದ್ದೋ ಏನೋ ಒಂದು. ಅವರನ್ನು ರಾಜಿ ಮಾಡಿಸಲು ಹೊರಡಬೇಡಿ. ಅದು ಕಟ್ಟಕ್ಕಿಂತ ದೊಡ್ಡ ಕೆಲಸ. ಇಬ್ಬರೂ ಒಪ್ಪುವ ಮೂರನೆಯವರೊಬ್ಬರನ್ನು ಹುಡುಕಿ, ಇಬ್ಬರಿಗೂ ಅವರಿಂದಲೇ ಹೇಳಿಸಿ. ಕಟ್ಟದ ದಿನ ಒಬ್ಬರನ್ನು ಈ ಕರೆಗೆ, ಇನ್ನೊಬ್ಬರನ್ನು ಆ ಕರೆಗೆ ಹಾಕಿ. ಮಣ್ಣಿನ ಬುಟ್ಟಿ ಕೈ ದಾಟಿಸಲು ಮಾತಾಡಬೇಕಾಗಿಲ್ಲ.

ಕೇಳುವುದು ಅಂದರೆ

ಹಿಂದೆ ಊರಲ್ಲಿ ಎಷ್ಟು ಒಗ್ಗಟ್ಟಿತ್ತು ಅಂತ ಕೊರಗುವವರು ನಮ್ಮಲ್ಲೂ ಇದ್ದಾರೆ. ನಾನು ಆ ಕೊರಗಿಗೆ ಸೇರುವುದಿಲ್ಲ. ನಮ್ಮ ಬೈಲಿನ ಹಿರಿಯರೇ ಹೇಳುವಂತೆ, ಆಗ ಧನಿಗಳು (ಭೂಮಾಲಕರು) ಹೇಳಿ ಕಳಿಸಿದರೆ ಒಕ್ಕಲುಗಳು ಬರಲೇಬೇಕಿತ್ತು. ಬಾರದಿದ್ದರೆ ಗೇಣಿಯ ಭೂಮಿ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು, ಉಳುವವನಿಗೆ ಭೂಮಿ ಬಂತು. ಅಪ್ಪಣೆ ಹೋಯಿತು, ಅಪ್ಪಣೆಯ ಜೊತೆಗೆ ಎಷ್ಟೋ ಕಡೆ ಕಟ್ಟವೂ ಹೋಯಿತು. ಪಂಪು, ಬೋರ್‌ವೆಲ್ ಬಂದ ಮೇಲೆ ಪ್ರತಿ ಮನೆಯೂ ತನ್ನಷ್ಟಕ್ಕೆ ಆಯಿತು. ಈಗ ಬೋರ್‌ವೆಲ್ ಕೈಕೊಟ್ಟಿದೆ. ಮತ್ತೆ ಒಟ್ಟಾಗಬೇಕು, ಆದರೆ ಈ ಸಲ ಯಾರೂ ಯಾರಿಗೂ ಹೇಳಿ ಕಳಿಸುವಂತಿಲ್ಲ. ಕೇಳಬೇಕು. ಕೇಳಿದ ಮೇಲೆ "ಇಲ್ಲ" ಅಂದರೆ ಅದನ್ನೂ ಒಪ್ಪಬೇಕು. ಮುಂದಿನ ವರ್ಷ ಮತ್ತೆ ಕೇಳಬೇಕು.

ಯಾವ ಭಾಷೆಯಲ್ಲಿ ಕೇಳುವುದು ಎಂಬುದೂ ನಮ್ಮಲ್ಲಿ ಒಂದು ವಿಷಯವೇ. ನಮ್ಮ ಬೈಲಿನಲ್ಲಿ ತುಳು, ಹವ್ಯಕ ಕನ್ನಡ, ಮರಾಟಿ, ಮಲಯಾಳ, ಬ್ಯಾರಿ ಎಲ್ಲ ಇವೆ. ಕೂತು ಮಾತಾಡುವಾಗ ತುಳು ಸಾಕಾಗುತ್ತದೆ. ಬರಹಕ್ಕೆ ಬಂದಾಗ ತೊಂದರೆ. ಹಿರಿಯರಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಕೆಲವು ಮಕ್ಕಳಿಗೆ ಮಲಯಾಳ ಮಾತ್ರ. ಅದಕ್ಕೆ ವಾಟ್ಸಾಪಿನಲ್ಲಿ ಟೈಪ್ ಮಾಡುವುದನ್ನೇ ಬಿಟ್ಟು ವಾಯ್ಸ್ ಮೆಸೇಜ್ ಹಾಕುತ್ತೇವೆ. ವಾಟ್ಸಾಪ್ ಇಲ್ಲದ ಮನೆಗೆ ಒಬ್ಬರು ಹೋಗಿ ಹೇಳಬೇಕು. ಯಾವ ಮನೆಗೆ ಯಾರು ಅಂತ ಮೊದಲೇ ಬರೆದಿಡಿ.

ದಿನ ಗೊತ್ತು ಮಾಡುವಾಗ ಶುಕ್ರವಾರ ಬೇಡ, ದೈವದ ನೇಮ ಕೋಲದ ದಿನ ಬೇಡ, ಉದ್ಯೋಗ ಖಾತರಿ ಕೆಲಸ ಇರುವ ದಿನವೂ ಬೇಡ. ಉಳಿಯುವುದು ಭಾನುವಾರ. ಇಗರ್ಜಿಗೆ ಹೋಗುವ ಮನೆಯವರು ಪೂಜೆ ಮುಗಿಸಿ ಬರಲಿ, ಏನೂ ಅವಸರ ಇಲ್ಲ.

ಹಣ, ಆಳು ಮತ್ತು ಅಡಿಗೆಮನೆ

ಕಟ್ಟ ಒಡೆಯುವುದು ನೀರಿನಿಂದಲ್ಲ, ಲೆಕ್ಕದಿಂದ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಖರ್ಚನ್ನು ಮನೆಗಿಷ್ಟು ಅಂತ ಸಮವಾಗಿ ಹಂಚಬೇಡಿ. ಐದು ಎಕರೆ ತೋಟದವರಿಗೂ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಕೂತವರಿಗೂ ಒಂದೇ ಪಾಲು ಅಂದರೆ ಅದು ಸಮ ಅಲ್ಲ. ನಮ್ಮಲ್ಲಿ ಹಣ ತೋಟದ ಲೆಕ್ಕದಲ್ಲಿ. ತೋಟ ಇಲ್ಲದವರಿಗೆ ಹಣ ಇಲ್ಲ. ಅವರ ಬಾವಿಗೂ ನೀರು ಏರುತ್ತದಲ್ಲ ಅಂತ ಯಾರಾದರೂ ಅಂದರೆ, ಏರಲಿ ಬಿಡಿ ಅನ್ನಿ.

ಕೂಲಿಯಿಂದ ಬದುಕುವವರನ್ನು ಶ್ರಮದಾನಕ್ಕೆ ಕರೆಯಬೇಡಿ. ಈ ಮಾತಿಗೆ ನನ್ನ ಮೇಲೆ ಕೆಲವರಿಗೆ ಬೇಸರ ಇದೆ. ನನ್ನ ಲೆಕ್ಕ ಹೀಗೆ: ತೋಟದ ಯಜಮಾನ ಭಾನುವಾರ ಕಲ್ಲು ಹೊತ್ತರೆ ಅವನ ತೋಟಕ್ಕೆ ನೀರು. ಕೂಲಿಯವನು ಹೊತ್ತರೆ ಅವನಿಗೆ ಬೆನ್ನುನೋವು. ಅವರಿಗೆ ಆ ದಿನದ ಪೂರ್ತಿ ಸಂಬಳ ಕೊಡಿ. ಕಲ್ಲು ಜೋಡಿಸುವ ಕೈಚಳಕ ಹೆಚ್ಚಾಗಿ ಅವರಲ್ಲೇ ಇರುವುದು, ಅದನ್ನು ಪುಕ್ಕಟೆ ಕೇಳುವುದು ಸರಿಯಲ್ಲ. ಸಂಬಳ ಪಡೆದೂ ಸಂಜೆಯ ಮೇಲೆ ಮಣ್ಣು ತುಳಿಯಲು ನಿಂತವರಿದ್ದಾರೆ. ಅದು ಅವರು ಕೊಟ್ಟದ್ದು, ನಾವು ಕೇಳಿದ್ದಲ್ಲ.

ಅಡಿಗೆಯೂ ಆಳೇ. ಮೂವತ್ತು ನಲವತ್ತು ಜನರಿಗೆ ಬೆಳಗ್ಗೆ ಸಜ್ಜಿಗೆ ಅವಲಕ್ಕಿ, ಮಧ್ಯಾಹ್ನ ಊಟ, ನಡುವೆ ಎರಡು ಸಲ ಚಾ ಮಾಡುವವರು ಸೂರ್ಯ ಹುಟ್ಟುವ ಮೊದಲೇ ಒಲೆ ಹಚ್ಚಿರುತ್ತಾರೆ. ನಮ್ಮ ಪುಸ್ತಕದಲ್ಲಿ ಒಲೆಯ ಹತ್ತಿರ ಇದ್ದವರ ಮನೆಯ ಮುಂದೆಯೂ "ಒಂದು ಆಳು" ಅಂತಲೇ ಬರೆಯುತ್ತೇನೆ. ಮೊದಲ ಸಲ ಬರೆದಾಗ ಗಂಡಸರು ನಕ್ಕರು. ಈಗ ಯಾರೂ ನಗುವುದಿಲ್ಲ. ಅಡಿಗೆ ಸರದಿಯಲ್ಲಿ ಆಗಲಿ, ಒಂದೇ ಮನೆಯ ಹೆಂಗಸರ ಮೇಲೆ ಪ್ರತಿವರ್ಷ ಬೀಳಬಾರದು. ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘಟನೆ) ನೆರೆಕೂಟ ಇದ್ದರೆ ಅವರನ್ನು ಆರಂಭದಿಂದಲೇ ಕೂರಿಸಿಕೊಳ್ಳಿ. 1998ರಿಂದ ವಾರವಾರ ಉಳಿತಾಯ ಸೇರಿಸಿ, ಸಾಲ ಕೊಟ್ಟು, ವಸೂಲು ಮಾಡಿ ಅಭ್ಯಾಸ ಇರುವವರು ಅವರು. ಬೈಲಿನಲ್ಲಿ ಅವರಷ್ಟು ಶಿಸ್ತಾಗಿ ಲೆಕ್ಕ ಇಡುವ ಇನ್ನೊಂದು ಗುಂಪನ್ನು ನಾನು ಕಂಡಿಲ್ಲ.

ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಹಣ ಕಳಿಸುತ್ತಾರೆ. ಸಂತೋಷವಾಗಿ ತೆಗೆದುಕೊಳ್ಳಿ, ಶೀಟಿನ ಖರ್ಚಿಗೆ ಆಗುತ್ತದೆ. ಆದರೆ ಹಣ ಬಂದ ಮನೆಯಿಂದ ಜನ ಬಾರದಿದ್ದರೂ ಪರವಾಗಿಲ್ಲ ಅಂತ ಬಿಡಬೇಡಿ. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರೆ ಅವರನ್ನೇ ಕರೆತಂದು ಕರೆಯಲ್ಲಿ ಕುರ್ಚಿ ಹಾಕಿ ಕೂರಿಸಿ. ವೀಳ್ಯ ಮೆಲ್ಲುತ್ತಾ "ಆ ಕಲ್ಲು ಅಲ್ಲಿ ನಿಲ್ಲುವುದಿಲ್ಲ ಮಗಾ" ಅನ್ನಲು ಒಬ್ಬರು ಬೇಕಾಗುತ್ತದೆ. ಹೆಚ್ಚಾಗಿ ಅವರು ಹೇಳಿದ್ದು ಸರಿಯಾಗಿರುತ್ತದೆ.

ಇನ್ನೊಂದು ವಿಷಯ. ನಮ್ಮ ಪಂಚಾಯತಿನಲ್ಲಿ ಹಾಸಿಗೆ ಹಿಡಿದ ಮಕ್ಕಳಿರುವ ಮನೆಗಳಿವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. 2000ದ ಇಸವಿಯಲ್ಲಿ ಅದು ನಿಂತಿತು, ಮನೆಯೊಳಗಿನ ಕೆಲಸ ನಿಲ್ಲಲಿಲ್ಲ. ಅಂಥ ಮನೆಗಳಿಂದ ಆಳೂ ಬೇಡ, ಹಣವೂ ಬೇಡ. ಆದರೆ ಮೀಟಿಂಗಿಗೆ ಕರೆಯಲೇಬೇಕು. ಸಾಧ್ಯವಿದ್ದರೆ ಮೀಟಿಂಗನ್ನೇ ಅವರ ಜಗಲಿಯಲ್ಲಿ ಮಾಡಿ, ಆಗ ತಾಯಿಗೆ ಮಗುವನ್ನು ಬಿಟ್ಟು ಬರಬೇಕಾಗಿಲ್ಲ.

ಕಟ್ಟುವ ದಿನ

ಹಿಂಗಾರಿನ ಮಳೆ ಪೂರ್ತಿ ಹೋಗಿ ಹರಿವು ಇಳಿದಿರಬೇಕು. ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ ಒಳ್ಳೆಯ ಸಮಯ. ಬೇಗ ಹಾಕಿದರೆ ಒಂದು ಅಕಾಲ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ಹಿಡಿಯಲು ನೀರೇ ಇರುವುದಿಲ್ಲ. ಸಾಲು ಕಟ್ಟವಾದರೆ ಮೇಲಿನದ್ದು ಮೊದಲು. ಅದು ತುಂಬುವ ತನಕ ಕೆಳಗಿನವರಿಗೆ ಹೆಚ್ಚು ಒದ್ದೆಯಾಗದೆ ಕೆಲಸ ಆಗುತ್ತದೆ.

ಮರಳು, ಕಸ ತೆಗೆದು ಗಟ್ಟಿ ನೆಲ ಸಿಗುವವರೆಗೆ ಹೋಗಿ. ಇಲ್ಲದಿದ್ದರೆ ನೀರು ಅಡಿಯಿಂದ ನುಸುಳುತ್ತದೆ. ಎರಡು ಸಾಲು ಕಲ್ಲಿನ ಗೋಡೆ, ನಡುವೆ ಎರಡು ಅಡಿ ಜಾಗ. ಗೋಡೆಯ ತುದಿಗಳು ಎರಡೂ ಕರೆಯ ಒಳಗೆ ಹೊಕ್ಕಿರಬೇಕು. ನಡುವಿನ ಜಾಗಕ್ಕೆ ಅಂಟು ಇರುವ ಮಣ್ಣು. ಅರ್ಧ ಅಡಿ ತುಂಬಿಸಿ ತುಳಿಯಿರಿ, ಮತ್ತೆ ಅರ್ಧ ಅಡಿ. ಎರಡೂ ಕಡೆಯಿಂದ ಕಟ್ಟುತ್ತಾ ಬಂದು ನಡುವೆ ಹರಿವಿಗೆ ದಾರಿ ಬಿಡಿ. ಆ ಬಾಯಿ ಮುಚ್ಚುವುದು ಕೊನೆಗೆ, ಎಲ್ಲರೂ ಇರುವಾಗ, ಒಂದೇ ಉಸಿರಿಗೆ. ಊಟಕ್ಕೆ ಮೊದಲೇ ಅದು ಆಗಬೇಕು. ಊಟವಾದ ಮೇಲೆ ಅರ್ಧ ಜನ ಇರುವುದಿಲ್ಲ.

ಶೀಟು ಹಾಕುವುದಾದರೆ ಕಲ್ಲಿನ ಒಂದೇ ಗೋಡೆ ಅಥವಾ ಮರಳು ಚೀಲದ ಗೋಡೆ ಸಾಕು. ಶೀಟು ನೀರಿನ ಬದಿಗೆ ಬರಬೇಕು, ನೀರೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. 20 ಅಡಿ ಅಗಲ, 5 ಅಡಿ ಎತ್ತರದ ಕಟ್ಟಕ್ಕೆ 28 ಅಡಿ ಉದ್ದ, 12 ಅಡಿ ಅಗಲದ ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಶೀಟು) ತನ್ನಿ. ಬದಿಗೆ ನಾಲ್ಕು ನಾಲ್ಕು ಅಡಿ, ತೋಡಿನ ತಳದಲ್ಲಿ ಹಾಸಲು ನಾಲ್ಕೈದು ಅಡಿ ಬೇಕು. ತಳದ ಅಂಚನ್ನು ಮಣ್ಣಿನಲ್ಲಿ ಹುಗಿದು ಮೇಲೆ ಚೀಲ ಹೇರಿ. ಕಟ್ಟದ ನಡುಭಾಗ ಬದಿಗಳಿಗಿಂತ ಅರ್ಧ ಅಡಿ ತಗ್ಗಿರಲಿ. ತುಂಬಿದ ನೀರು ನಡುವೆಯೇ ಹಾರಿ ಬೀಳಬೇಕು, ಕರೆ ಕೊರೆಯಬಾರದು.

ನಿಂತ ನೀರು ಯಾರದ್ದು

ಒಂದು ಲೆಕ್ಕ ಮಾಡಿ ನೋಡಿ. ಆ 20 ಅಡಿ ಅಗಲ, 5 ಅಡಿ ಎತ್ತರದ ಕಟ್ಟದ ಹಿನ್ನೀರು 150 ಮೀಟರ್ ಹಿಂದೆ ಹೋದರೆ, ಹಿಂದೆ ಹೋದಂತೆ ಆಳ ಕಡಿಮೆಯಾಗುವುದರಿಂದ, ನಿಲ್ಲುವುದು ಹೆಚ್ಚುಕಡಿಮೆ ಏಳು ಲಕ್ಷ ಲೀಟರ್. ಕೇಳಲು ಜಾಸ್ತಿ ಅನಿಸುತ್ತದೆ. ಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಕೊಟ್ಟರೂ ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ತನಕ ಬೇಕು. ಎಕರೆಗೆ ಸುಮಾರು 550 ಮರ. ಹತ್ತು ಎಕರೆಗೆ ದಿನಕ್ಕೆ 1 ಲಕ್ಷದ 10 ಸಾವಿರ ಲೀಟರ್ ಆಯಿತು. ಅಂದರೆ ಕಟ್ಟಕ್ಕೆ ನೇರ ಪಂಪು ಇಟ್ಟರೆ ಆರು ದಿನದಲ್ಲಿ ತಳ ಕಾಣುತ್ತದೆ.

ಹಾಗಾಗಿ ನಮ್ಮ ಬೈಲಿನ ಕಟ್ಟಳೆ ಒಂದೇ: ಕಟ್ಟದ ನೀರಿಗೆ ಪಂಪು ಇಡಬಾರದು. ಕಟ್ಟದ ಲಾಭ ನಿಂತ ನೀರಿನಲ್ಲಿಲ್ಲ, ಇಂಗುವ ನೀರಿನಲ್ಲಿದೆ. ತೋಡು ದಿನವೂ ತಂದು ತುಂಬಿಸುತ್ತದೆ, ಅದು ಎರಡೂ ಕರೆಗೆ ಇಂಗಿ ಬಾವಿ ಕೆರೆಗಳಿಗೆ ಏರುತ್ತದೆ. ತೆಗೆಯುವವರು ತಮ್ಮ ಬಾವಿಯಿಂದ ತೆಗೆಯಲಿ. ಈ ಕಟ್ಟಳೆಯನ್ನು ಕಟ್ಟ ಹಾಕುವ ಮೊದಲೇ ಎಲ್ಲರ ಮುಂದೆ ಓದಿ ಒಪ್ಪಿಸಿ. ಏಪ್ರಿಲ್‌ನಲ್ಲಿ ಒಣಗುವ ತೋಟ ನೋಡುತ್ತಾ ನಿಂತವರ ಹತ್ತಿರ ಕಟ್ಟಳೆ ಮಾತಾಡಲು ಆಗುವುದಿಲ್ಲ. ಯಾರಾದರೂ ರಾತ್ರಿ ಪಂಪು ಇಟ್ಟರೆ ವಾಟ್ಸಾಪಿನಲ್ಲಿ ಹಾಕಬೇಡಿ. ಹಿರಿಯರೊಬ್ಬರು ಬೆಳಗ್ಗೆ ಅವರ ಮನೆಗೆ ಚಾಕ್ಕೆ ಹೋದರೆ ಸಾಕು.

ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ ಡ್ರಮ್ಮನ್ನು ಕಟ್ಟದಲ್ಲಿ ತೊಳೆಯಬಾರದು. ಮಕ್ಕಳು ಈಜಲಿ, ಆದರೆ ದೊಡ್ಡವರೊಬ್ಬರು ಇರಬೇಕು. ಸೋರಿಕೆ ನೋಡಲು ಮನೆಗೆ ಒಂದು ವಾರದಂತೆ ಸರದಿ ಹಾಕಿ. ಸಣ್ಣ ತೂತಿಗೆ ಸೊಪ್ಪು ಮಣ್ಣು ತುರುಕಿದರೆ ಆಯಿತು.

ಆ ಪಟ್ಟಿಯ ಬಗ್ಗೆ

ಕಟ್ಟದ ಪುಸ್ತಕದ ಮೊದಲ ಪುಟದಲ್ಲಿ ನಾನೊಂದು ಪಟ್ಟಿ ಇಟ್ಟಿದ್ದೇನೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಜೀಪು ಓಡಿಸಲು ಬರುತ್ತದೆ, ಯಾರ ಹತ್ತಿರ ಪಿಕ್ಕಾಸು, ದೊಡ್ಡ ಪಾತ್ರೆ, ಏಣಿ ಇದೆ, ಯಾರಿಗೆ ಯಾವ ಮಾತ್ರೆ ತಪ್ಪಬಾರದು. ಆಳಿನ ಲೆಕ್ಕಕ್ಕೆ, ಊಟದ ಲೆಕ್ಕಕ್ಕೆ ಅಂತ ಮಾಡಿದ್ದು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ಗಡಿಯ ರಸ್ತೆಗಳನ್ನು ಮಣ್ಣು ಹಾಕಿ ಮುಚ್ಚಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದವರು ನಾವು. ಡಯಾಲಿಸಿಸ್‌ಗೆ ಹೋಗುವವರು, ಹೆರಿಗೆಯ ದಿನ ಎಣಿಸುವವರು ಈಚೆ ಉಳಿದರು. ಆಗ ಯಾವ ಮನೆಗೆ ಯಾವ ಮದ್ದು ಬೇಕು, ಕಾಸರಗೋಡು ಪೇಟೆಗೆ ಪಾಸ್ ಇರುವವರು ಯಾರು ಹೋಗುತ್ತಾರೆ ಅಂತ ತೀರ್ಮಾನ ಮಾಡಿದ್ದು ಇದೇ ಪಟ್ಟಿ ಮುಂದಿಟ್ಟುಕೊಂಡು. ಪಟ್ಟಿ ಇತ್ತು ಎಂಬುದಕ್ಕಿಂತ, ಪಟ್ಟಿಯಲ್ಲಿರುವ ಪ್ರತಿ ಮನೆಯ ಜಗಲಿಗೂ ನಾವು ಮೊದಲೇ ಹೋಗಿದ್ದೆವು. ಮುಂದೆ ಎಲೆಚುಕ್ಕಿ ರೋಗವೋ, ಅಡಿಕೆಯ ಧಾರಣೆ ಕುಸಿಯುವುದೋ, ಮಳೆ ಹಿಂದುಮುಂದಾಗುವುದೋ, ಯಾವುದು ಮೊದಲು ಬರುತ್ತದೆ ಅಂತ ನನಗೆ ಗೊತ್ತಿಲ್ಲ. ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಿ. ಅದು ಎಲ್ಲರ ಕೈಗೂ ಹೋಗಬಾರದು, ಮದ್ದಿನ ವಿಷಯ ಮನೆಯವರ ಖಾಸಗಿ ವಿಷಯ.

ಮೇ ಕೊನೆಗೆ, ದೊಡ್ಡ ಮಳೆಗೆ ಮೊದಲು ಕಟ್ಟ ಬಿಚ್ಚಬೇಕು. ಕಟ್ಟಲು ಬಂದಷ್ಟು ಜನ ಬಿಚ್ಚಲು ಬರುವುದಿಲ್ಲ, ಹತ್ತು ಜನ ಬಂದರೆ ಸಾಕು. ಕಲ್ಲನ್ನು ಕರೆಗೆ ಹೊತ್ತು ಹಾಕಿ, ಇಲ್ಲದಿದ್ದರೆ ತೋಡು ಒಯ್ಯುತ್ತದೆ. ಅದೇ ದಿನ ಸಂಜೆ ಲೆಕ್ಕ ಓದಿ. ಹಣ ಉಳಿದಿದ್ದರೆ ಎಷ್ಟು, ಸಾಲದಿದ್ದರೆ ಯಾರು ಕೈಯಿಂದ ಹಾಕಿದರು, ಎಲ್ಲ ಗಟ್ಟಿಯಾಗಿ. ಪುಸ್ತಕ ಮುಂದಿನ ವರ್ಷಕ್ಕೆ ಯಾರ ಕೈಗೆ ಎಂಬುದೂ ಅಲ್ಲೇ ಆಗಲಿ. ನನ್ನದು ಈ ಸಲ ತೋಡಿನ ಆಚೆ ಕರೆಯ ಬ್ಯಾರಿ ಮನೆಯ ಸೊಸೆಗೆ ಹೋಗುತ್ತದೆ, ಬಿ.ಕಾಂ. ಓದಿದವಳು, ನನಗಿಂತ ಚುರುಕು. ಶೀಟನ್ನು ತೊಳೆದು, ನೆರಳಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ಸುತ್ತಿಡಿ. ಯಾರ ಅಟ್ಟದಲ್ಲಿ ಇಟ್ಟಿದ್ದೀರಿ ಅಂತ ಪುಸ್ತಕದಲ್ಲಿ ಬರೆಯುವುದನ್ನು ಮರೆಯಬೇಡಿ.